ಮೇಯರ್ ಆಗುವ ಕನಸು ಕಾಣುತ್ತಿರುವ ಅಣ್ಣನ ಮಗಳಿಗೆ

ತೆಂಕಪೇಟೆ, ಉಡುಪಿ

ಪ್ರೀತಿಯ ಪುಟ್ಟೀ,

ನಿನ್ನೆ ರಾತ್ರಿ ಅಣ್ಣ ಫೋನ್ ಮಾಡಿದ್ದ. ಮಂಗಳೂರು ಪಾಲಿಕೆ ಚುನಾವಣೆಗೆ ನಿನ್ನ ಹೆಸರು ಓಡಾಡುತ್ತಿದೆಯಂತೆ. ವಾರ್ಡು ಮಹಿಳೆಯರಿಗೆ ಮೀಸಲಾದರೆ ಟಿಕೆಟ್ ನಿನಗೇ ಅಂತ ಪಕ್ಷದವರು ಮನೆಗೇ ಬಂದು ಹೇಳಿ ಹೋದರಂತೆ. "ಮುಂದೊಂದು ದಿನ ಮೇಯರ್ ಆಗ್ತಾಳೆ ನೋಡು" ಅಂದ. ಅವನ ದನಿಯಲ್ಲಿ ಎಷ್ಟು ಹೆಮ್ಮೆ! ನನಗೂ ಸಂತೋಷವಾಯಿತು. ಆದರೆ ಆಮೇಲೆ ನಿದ್ದೆ ಬರಲಿಲ್ಲ. ಎರಡು ಅವಧಿ ಪುರಸಭೆ ಸದಸ್ಯೆಯಾಗಿದ್ದವಳು ನಾನು. ನಿನಗೆ ಹೇಳಬೇಕಾದ್ದು ಬಹಳ ಇದೆ, ಫೋನಿನಲ್ಲಿ ಹೇಳಿ ಮುಗಿಯುವಂಥದ್ದಲ್ಲ.

ಈ ಮನೆಯ ಹಿಂದಿನ ಓಣಿ ನೆನಪಿದೆ ಅಲ್ವಾ? ರಜೆಯಲ್ಲಿ ಬಂದಾಗ ನೀನು ಸೈಕಲ್ ಕಲಿತದ್ದು ಅಲ್ಲೇ. ನಾನು ಹುಡುಗಿಯಾಗಿದ್ದಾಗ ಆ ಓಣಿಗೆ ನಾವು ಮಕ್ಕಳು ಹೋಗುವಂತಿರಲಿಲ್ಲ. ಬೆಳಿಗ್ಗೆ ಒಬ್ಬ ಹೆಂಗಸು ಅಲ್ಲಿಂದ ಬರುತ್ತಿದ್ದಳು. ಪಾಯಿಖಾನೆಯ ಹಿಂದಿನ ತಗಡು ಸರಿಸಿ, ಒಳಗಿನದ್ದನ್ನು ಬಳಿದು ಬಕೇಟಿಗೆ ತುಂಬಿ, ತಲೆ ಮೇಲೆ ಇಟ್ಟುಕೊಂಡು ಹೋಗುತ್ತಿದ್ದಳು. ಆಟಿ ತಿಂಗಳ ಮಳೆಯಲ್ಲಿ ಆ ಬಕೇಟಿನ ನೀರು ಅವಳ ಮುಖದ ಮೇಲೇ ಇಳಿಯುತ್ತಿತ್ತು. ಅಜ್ಜಿ ನಮ್ಮನ್ನು ಒಳಗೆ ಕರೆದು ಬಾಗಿಲು ಹಾಕಿಬಿಡುತ್ತಿದ್ದರು. ಅವಳ ಹೆಸರು ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಕೇಳಬೇಕು ಅಂತ ಯಾರಿಗೂ ಅನ್ನಿಸಲೂ ಇಲ್ಲ. ಈಗ ನೆನೆದರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

1968ರಲ್ಲಿ ಡಾಕ್ಟರ್ ವಿ.ಎಸ್. ಆಚಾರ್ಯರು ಉಡುಪಿ ಪುರಸಭೆಯ ಅಧ್ಯಕ್ಷರಾದರು. ಆಗ ಅವರಿಗೆ ಮೂವತ್ತೂ ತುಂಬಿರಲಿಲ್ಲ. ವರ್ಷಗಟ್ಟಲೆ ಆ ಕುರ್ಚಿಯಲ್ಲಿದ್ದರು. ತಲೆ ಮೇಲೆ ಮಲ ಹೊರುವುದು ನಮ್ಮ ಊರಿನಲ್ಲಿ ನಿಂತದ್ದು ಅವರ ಕಾಲದಲ್ಲೇ. ದೇಶದಲ್ಲಿ ಎಲ್ಲರಿಗಿಂತ ಮೊದಲು ಇದನ್ನು ನಿಲ್ಲಿಸಿದ ಊರುಗಳ ಸಾಲಿನಲ್ಲಿ ಉಡುಪಿಯ ಹೆಸರಿದೆ. ಕೇಂದ್ರದ ಕಾನೂನು ಬಂದದ್ದು 1993ರಲ್ಲಿ. ಅಷ್ಟು ಹೊತ್ತಿಗೆ ನಮ್ಮ ಓಣಿಯ ತಗಡುಗಳು ತುಕ್ಕು ಹಿಡಿದು ಮಣ್ಣಾಗಿ ಹೋಗಿದ್ದವು.

ನಾನು ಅವರ ಪಕ್ಷದವಳಲ್ಲ, ನಿನಗೆ ಗೊತ್ತು. ದೇವರಾಜ ಅರಸರ ಸರ್ಕಾರದಲ್ಲಿ ಸಚಿವರಾಗಿದ್ದ ಬಸವಲಿಂಗಪ್ಪನವರು ಇಡೀ ರಾಜ್ಯದಲ್ಲೇ ಮಲ ಹೊರುವುದನ್ನು ನಿಷೇಧಿಸಿದರು. ಅದು ಇನ್ನೂ ದೊಡ್ಡ ಕೆಲಸ. ಇಬ್ಬರ ಪಕ್ಷವೂ ಬೇರೆ, ದಾರಿಯೂ ಬೇರೆ. ನಾನು ಇಬ್ಬರಿಗೂ ಕೈ ಮುಗಿಯುತ್ತೇನೆ.

ಸ್ವಲ್ಪ ಯೋಚನೆ ಮಾಡಿ ನೋಡು. ಹೊರಬಾರದು ಅಂತ ಠರಾವು ಬರೆಯಲು ಒಂದು ಮಧ್ಯಾಹ್ನ ಸಾಕು. ಆದರೆ ಮರುದಿನ ಬೆಳಿಗ್ಗೆ ಏನು? ಮನೆ ಮನೆಯ ಪಾಯಿಖಾನೆ ಬದಲಾಗಬೇಕು. ಗುಂಡಿ ತೋಡಬೇಕು. ಸುರಿಯಲು ನೀರು ಬೇಕು. ಯಜಮಾನರು ದುಡ್ಡು ಬಿಚ್ಚಬೇಕು. ಇಷ್ಟು ದಿನ ಆ ಕೆಲಸದಿಂದಲೇ ಗಂಜಿ ಕಾಣುತ್ತಿದ್ದವರಿಗೆ ಬೇರೆ ಕೆಲಸ ಬೇಕು. ಇದರಲ್ಲಿ ಯಾವುದಕ್ಕೂ ಯಾರೂ ರಿಬ್ಬನ್ ಕತ್ತರಿಸುವುದಿಲ್ಲ. ಬಾಗಿಲು ಬಾಗಿಲಿಗೆ ಹೋಗಿ ಬೈಸಿಕೊಳ್ಳುವ ಕೆಲಸ ಅದು.

ಆಚಾರ್ಯರು ತುರ್ತು ಪರಿಸ್ಥಿತಿಯಲ್ಲಿ ಜೈಲಿಗೆ ಹೋದರು. ಶಾಸಕರಾದರು, 2008ರಲ್ಲಿ ಗೃಹ ಸಚಿವರಾದರು. 2012ರ ಫೆಬ್ರವರಿಯಲ್ಲಿ ತೀರಿಕೊಂಡಾಗಲೂ ಸಚಿವರೇ ಆಗಿದ್ದರು. ಆದರೆ ನಾನು ಅವರನ್ನು ನೆನೆಯುವುದು ಈ ಓಣಿಯಲ್ಲಿ ನಡೆಯುವಾಗ.

ಈಗ ನಿನ್ನ ಮಂಗಳೂರಿನ ವಿಷಯಕ್ಕೆ ಬರುತ್ತೇನೆ. ಅಲ್ಲಿ ಮೇಯರ್ ಅವಧಿ ಬರೀ ಒಂದು ವರ್ಷ. ಯಾರ ಸರದಿ ಅಂತ ಸರ್ಕಾರದ ಮೀಸಲಾತಿ ಪಟ್ಟಿ ಹೇಳುತ್ತದೆ. ಹಿಂದಿನ ಪರಿಷತ್ತನ್ನೇ ನೋಡು. 2020ರ ಫೆಬ್ರವರಿಯಿಂದ 2025ರ ಫೆಬ್ರವರಿವರೆಗೆ ಐದು ಮೇಯರ್‌ಗಳು. ಮೊದಲನೆಯವರ ವರ್ಷವೆಲ್ಲ ಕೊರೊನಾಕ್ಕೇ ಹೋಯಿತು. ಒಂದು ವರ್ಷದಲ್ಲಿ ಸನ್ಮಾನ ಮುಗಿಸಿ, ಫೈಲುಗಳ ಪರಿಚಯ ಮಾಡಿಕೊಳ್ಳುವಷ್ಟರಲ್ಲಿ ಮಳೆಗಾಲ ಬರುತ್ತದೆ. ಮಳೆ ನಿಂತಾಗ ಮುಂದಿನವರ ಹೆಸರು ಓಡಾಡಲು ಶುರುವಾಗುತ್ತದೆ. ಉಡುಪಿಯ ಕಥೆ ಇನ್ನೊಂದು ತರ. 2018ರ ಆಗಸ್ಟ್ ಕೊನೆಯ ಚುನಾವಣೆಯಲ್ಲಿ ಗೆದ್ದವರು ಮೀಸಲಾತಿ ಕೇಸಿನಿಂದಾಗಿ ಅಧ್ಯಕ್ಷರನ್ನು ಆರಿಸಲು 2020ರ ಕೊನೆವರೆಗೆ ಕಾದರು.

ಹಾಗಾಗಿ ಆ ಕುರ್ಚಿಯನ್ನು ನಂಬಿಕೊಂಡು ಹೋಗಬೇಡ, ಪುಟ್ಟೀ. ಅರವತ್ತು ವಾರ್ಡಿನಲ್ಲಿ ಒಂದು ವಾರ್ಡು ಐದು ವರ್ಷ ನಿನ್ನ ಕೈಯಲ್ಲಿರುತ್ತದೆ. ಅದು ಕಡಿಮೆ ಅಲ್ಲ. ಸ್ಥಾಯಿ ಸಮಿತಿ ಕೇಳುವಾಗ ಆರೋಗ್ಯ ಸಮಿತಿ ಕೇಳು. ಅದಕ್ಕೆ ನುಗ್ಗಾಟ ಕಡಿಮೆ, ಆದರೆ ಕಸವೂ ಚರಂಡಿಯೂ ಅಲ್ಲಿಗೇ ಬರುತ್ತವೆ. 2019ರ ಆಗಸ್ಟ್‌ನಲ್ಲಿ ಪಚ್ಚನಾಡಿಯ ಕಸದ ರಾಶಿ ಜಾರಿ ಮಂದಾರ ಎಂಬ ಊರಿನ ಮನೆ ತೋಟಗಳ ಮೇಲೆ ಬಿತ್ತಲ್ಲ, ಅದು ಒಂದು ದಿನದಲ್ಲಿ ಆದದ್ದಲ್ಲ. ಎಷ್ಟೋ ವರ್ಷಗಳ ಕಸ ಅದು. ನಾಳೆ ನೋಡೋಣ ಅಂತ ದಿನ ತಳ್ಳುತ್ತಾ ಬಂದದ್ದರ ಭಾರ ಅದು.

ನೀನು ಇರುವುದೇ ಕೊಟ್ಟಾರದಲ್ಲಿ. ಜೋರು ಮಳೆಗೆ ಕೊಟ್ಟಾರಚೌಕಿಯಲ್ಲಿ ನೀರು ನಿಲ್ಲುವುದನ್ನು ನಾನು ನಿನಗೆ ಹೇಳಬೇಕಾ? ಮೇ ಕೊನೆಯ ಪತ್ತನಾಜೆಗೆ ಮೊದಲು ರಾಜಕಾಲುವೆಯ ಹೂಳು ತೆಗೆಸಬೇಕು. ಬಿಲ್ಲಿಗೆ ಸಹಿ ಬೀಳುವ ಮೊದಲು ನೀನೇ ಹೋಗಿ ನೋಡಬೇಕು. ತೆಗೆದ ಹೂಳನ್ನು ದಡದಲ್ಲೇ ಬಿಟ್ಟರೆ ಮೊದಲ ಮಳೆಗೆ ಎಲ್ಲ ವಾಪಸು ಒಳಗೆ ಹೋಗುತ್ತದೆ. ಸುಮ್ನೆ ಫೋಟೋ ನೋಡಿ ತಲೆಯಾಡಿಸಬೇಡ.

ಪೌರಕಾರ್ಮಿಕರ ಹೆಸರು ಕಲಿ. ಇದನ್ನು ಮೊದಲ ತಿಂಗಳೇ ಮಾಡು. ನಿನ್ನ ವಾರ್ಡಿನಲ್ಲಿ ಯಾರೂ ಮ್ಯಾನ್‌ಹೋಲಿಗೆ ಇಳಿಯಬಾರದು. ಯಂತ್ರ ಬರುವುದು ತಡವಾದರೆ ಆಗಲಿ, ಅಕ್ಕಪಕ್ಕದವರು ಬೈದರೆ ಬೈಯಲಿ. ಹಾಗೆ ಜನರನ್ನು ಇಳಿಸಬಾರದು ಅನ್ನುವ 2013ರ ಕಾನೂನು ನಿನ್ನ ಪರವಾಗಿದೆ. ನಮ್ಮ ಓಣಿಯ ಆ ಹೆಂಗಸಿನ ಹೆಸರು ನನಗೆ ಇವತ್ತಿಗೂ ಗೊತ್ತಿಲ್ಲ. ನಿನಗೆ ಹಾಗಾಗುವುದು ಬೇಡ.

ಇನ್ನು ನನ್ನದೇ ಒಂದು ತಪ್ಪು ಹೇಳುತ್ತೇನೆ. ಅಣ್ಣನಿಗೂ ಹೇಳಿಲ್ಲ. ಮದುವೆಯಾಗಿ ಹೋದ ಊರಿನಲ್ಲಿ, ನನ್ನ ಎರಡನೇ ಅವಧಿಯಲ್ಲಿ, ಉಪಾಧ್ಯಕ್ಷ ಸ್ಥಾನ ಮಹಿಳೆಗೆ ಬಂತು. ನನಗೇ ಸಿಗುತ್ತದೆ ಅಂತ ನಂಬಿದ್ದೆ. ನಾಲ್ಕು ತಿಂಗಳು ಅದೇ ಧ್ಯಾನ. ಸದಸ್ಯರ ಮನೆಗೆ ಹೋಗುವುದು, ಪಕ್ಷದವರನ್ನು ಕಾಣುವುದು. ಅದೇ ಸಮಯದಲ್ಲಿ ನನ್ನ ವಾರ್ಡಿನ ಒಬ್ಬ ಅಜ್ಜಿ ಮೂರು ಸಲ ಬಂದಿದ್ದರು. ಚರಂಡಿ ಪೈಪು ಒಡೆದು ಬಾವಿ ನೀರು ವಾಸನೆ ಬರುತ್ತಿದೆ ಅಂತ. "ನೋಡೋಣ ಅಮ್ಮಾ, ಇಂಜಿನಿಯರಿಗೆ ಹೇಳ್ತೇನೆ" ಅಂದೆ. ಹೇಳಲೇ ಇಲ್ಲ. ಮರೆತೇ ಹೋಗಿತ್ತು. ಮಳೆ ಶುರುವಾದ ಮೇಲೆ ಆ ಬಾವಿ ಪೂರ್ತಿ ಹಾಳಾಯಿತು. ಎಂಥ ಬೇಸಿಗೆಯಲ್ಲೂ ಬತ್ತದ ಬಾವಿ ಅದು. ಸುತ್ತಲಿನ ನಾಲ್ಕು ಮನೆಯವರು ಅಲ್ಲಿಂದಲೇ ಸೇದುತ್ತಿದ್ದರು. ಉಪಾಧ್ಯಕ್ಷ ಸ್ಥಾನವೂ ನನಗೆ ಬರಲಿಲ್ಲ. ಅದು ಹೋದದ್ದಕ್ಕೆ ಬೇಸರವಿಲ್ಲ. ಆ ಅಜ್ಜಿ ಬೀದಿ ನಲ್ಲಿಯ ಹತ್ತಿರ ಕೊಡ ಹಿಡಿದು ನಿಂತದ್ದನ್ನು ನೋಡಿದೆನಲ್ಲ, ಅದು ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಅವರು ನನ್ನನ್ನು ನೋಡಿ ನಕ್ಕರು. ಬೈದಿದ್ದರೆ ಎಷ್ಟೋ ಒಳ್ಳೆಯದಿತ್ತು.

ದಿನಾ ಬರುವ ದೂರುಗಳನ್ನು ಒಂದು ಪುಸ್ತಕದಲ್ಲಿ ಬರೆದಿಡು. ಮೊಬೈಲ್ ಸಾಲದು. ತಾರೀಕು, ಮನೆ, ಯಾರಿಗೆ ಹೇಳಿದೆ, ಏನಾಯಿತು, ಎಲ್ಲ ಬರಲಿ.

ಇನ್ನೊಂದು ಮಾತು. ಅಳಿಯಂದಿರು ಒಳ್ಳೆಯವರು, ಅದರಲ್ಲಿ ಎರಡು ಮಾತಿಲ್ಲ. ಆದರೂ ನಿನ್ನ ಮೊಹರು, ನಿನ್ನ ಫೋನು, ನಿನ್ನ ಸಹಿ ನಿನ್ನ ಹತ್ತಿರವೇ ಇರಲಿ. ಹೆಂಡತಿ ಗೆದ್ದು ಗಂಡ ಕಾರುಬಾರು ನಡೆಸುವುದನ್ನು ನಾನು ಎಷ್ಟೋ ನೋಡಿದ್ದೇನೆ. ಅಧಿಕಾರಿಗಳೂ ಅದಕ್ಕೇ ಒಗ್ಗಿಹೋಗಿರುತ್ತಾರೆ. ಯಾರಾದರೂ "ಸಾರ್‌ಗೆ ಹೇಳಿದ್ದೇನೆ" ಅಂದರೆ, "ನನಗೆ ಹೇಳಿ" ಅನ್ನು. ಮೊದಲ ವಾರದಲ್ಲೇ ಅನ್ನು. ಅಳಿಯಂದಿರಿಗೂ ಅದು ಖಂಡಿತ ಅರ್ಥವಾಗುತ್ತದೆ.

ನಿಲ್ಲಬೇಡ ಅಂತ ನಾನು ಹೇಳುತ್ತಿಲ್ಲ. ನೀನು ನಿಲ್ಲಬೇಕು ಅಂತಲೇ ನನ್ನ ಆಸೆ. ಪ್ರಚಾರಕ್ಕೆ ನಾನೂ ಬರುತ್ತೇನೆ. ಮಂಡಿ ನೋವಿದೆ, ಮೆಟ್ಟಿಲಿಲ್ಲದ ಮನೆಗಳನ್ನು ನನಗೆ ಬಿಡು.

ಈ ಭಾನುವಾರ ಪುರುಸೊತ್ತು ಮಾಡಿಕೊಂಡು ಬಾ. ಸೌತೆಕಾಯಿ ಹುಳಿ ಮಾಡಿಡುತ್ತೇನೆ. ಬರುವಾಗ ನಿನ್ನ ವಾರ್ಡಿನ ನಕ್ಷೆ ಸಿಕ್ಕಿದರೆ ತಾ. ನಿಮ್ಮ ಮಳೆನೀರಿನ ತೋಡು ಎಲ್ಲಿಂದ ಹೊರಟು ಎಲ್ಲಿ ಸೇರುತ್ತದೆ ಅಂತ ಇಬ್ಬರೂ ಕೂತು ನೋಡೋಣ.

ಪ್ರೀತಿಯಿಂದ,
ನಿನ್ನ ಅತ್ತೆ