ನೀರು ಸಿಗುತ್ತದೆ, ಆದರೆ ಯಾವ ತಿಂಗಳಲ್ಲಿ?

ಮಾನ್ಯ ಸಂಪಾದಕರೇ,

ಕುಮಾರ ಪರ್ವತದ ದಾರಿಯಲ್ಲಿ ಕಲ್ಲು ಮಂಟಪದ ಹತ್ತಿರ ನೀರು ಸಿಗುತ್ತದೆ ಎಂದು ಹೋಗಿ ಬಂದವರೆಲ್ಲ ಹೇಳುತ್ತಾರೆ. ಯಾವ ತಿಂಗಳಲ್ಲಿ ಹೋಗಿದ್ದಿರಿ ಎಂದು ಕೇಳುವವರಿಲ್ಲ, ಅವರಾಗಿ ಹೇಳುವವರೂ ಇಲ್ಲ. ಆ ಒಂದು ಮಾತನ್ನು ಸೇರಿಸಿ ಎಂದು ಕೇಳುವುದಕ್ಕೇ ಈ ಪತ್ರ.

ನಾನು ಸುಳ್ಯ ತಾಲ್ಲೂಕಿನಲ್ಲಿ ಅಡಿಕೆ ತೋಟ ನೋಡಿಕೊಂಡಿರುವವಳು. ವಯಸ್ಸು 51. ರಕ್ತದಲ್ಲಿ ಸಕ್ಕರೆ ಏರುತ್ತಿದೆ ಎಂದು ವೈದ್ಯರು ಹೆದರಿಸಿದ ಮೇಲೆ ಓಡಲು ತೊಡಗಿದೆ. ಏಳು ವರ್ಷಗಳಿಂದ ಬೆಟ್ಟದ ದಾರಿಗಳಲ್ಲಿಯೇ ನನ್ನ ಓಟ. ಓಟವೆಂದರೆ ಸಮತಟ್ಟಿನಲ್ಲಿ ಓಟ, ಏರಿನಲ್ಲಿ ಬಿರುಸು ನಡಿಗೆ. ಬುಡದ ಕುಕ್ಕೆ ಸುಬ್ರಹ್ಮಣ್ಯದಿಂದ ಹೊರಟರೆ 1,712 ಮೀಟರ್ ಎತ್ತರದ ಕುಮಾರ ಪರ್ವತದ ತುದಿ ಮುಟ್ಟಲು 1,500 ಮೀಟರಿಗೂ ಹೆಚ್ಚು ಏರಬೇಕು. ಅಷ್ಟನ್ನೂ ಓಡಿಕೊಂಡೇ ಹತ್ತಿದೆವು ಎನ್ನುವವರ ಮಾತನ್ನು ನಾನು ಅರ್ಧ ಮಾತ್ರ ನಂಬುತ್ತೇನೆ.

ಓಡುವವರ ನೀರಿನ ಲೆಕ್ಕ ಚಾರಣಿಗರದ್ದಕ್ಕಿಂತ ಬಿಗಿಯಾದದ್ದು. ಒಂದು ಲೀಟರ್ ನೀರೆಂದರೆ ಬೆನ್ನಿಗೆ ಒಂದು ಕಿಲೊ ಭಾರ. ಮುಂದೆ ಎಲ್ಲಿ ಸಿಗುತ್ತದೆ ಎಂಬುದು ಗೊತ್ತಿದ್ದರೆ ಅಲ್ಲಿಯವರೆಗೆ ಸಾಕಾಗುವಷ್ಟನ್ನೇ ಹೊರುತ್ತೇವೆ. ಗೊತ್ತಿದೆ ಎಂದುಕೊಂಡು ಹೊರಟರೆ ಏನಾಗುತ್ತದೆ ಎಂಬುದನ್ನು ನಾನು ಒಂದು ಜನವರಿಯಲ್ಲಿ ಕಂಡೆ.

ಅದಕ್ಕೆ ಮೊದಲು ಅಕ್ಟೋಬರಿನಲ್ಲಿ ಹೋದಾಗ ಮಂಟಪದ ಬಳಿಯ ಸಣ್ಣ ತೊರೆಗೆ ಬಾಟಲಿ ಒಡ್ಡಿದರೆ ಅರೆ ನಿಮಿಷದಲ್ಲಿ ತುಂಬುತ್ತಿತ್ತು. ಅದನ್ನೇ ನೆಚ್ಚಿ ಜನವರಿಯಲ್ಲಿ, ದಾರಿ ನಡುವಿನ ಗಿರಿಗದ್ದೆಯಲ್ಲಿರುವ ಭಟ್ಟರ ಮನೆಯಿಂದ ಒಂದೇ ಲೀಟರ್ ತುಂಬಿಸಿಕೊಂಡು ಹೊರಟೆ. ಗಿರಿಗದ್ದೆ ದಾಟಿದರೆ ಕಾಡು ಹಿಂದೆ ಉಳಿಯುತ್ತದೆ. ಅಲ್ಲಿಂದ ಬರೀ ಹುಲ್ಲು, ಬಂಡೆ, ನೆತ್ತಿಯ ಮೇಲೆ ಬಿಸಿಲು. ಮಂಟಪ ತಲಪುವಾಗ ಬಾಟಲಿಯಲ್ಲಿ ನಾಲ್ಕು ಗುಟುಕು ಉಳಿದಿತ್ತು. ತೊರೆ ಇದ್ದಲ್ಲಿ ಕಲ್ಲು ಒದ್ದೆಯಾಗಿತ್ತು, ಅಷ್ಟೇ. ಒಂದು ಅಗಲದ ಎಲೆಯನ್ನು ದೋಣಿಯಂತೆ ಮಡಚಿ ಕಲ್ಲಿನ ಸಂದಿಗೆ ಸಿಕ್ಕಿಸಿ, ಅದರ ತುದಿಗೆ ಬಾಟಲಿ ಹಿಡಿದು ಕುಳಿತೆ. ಇಪ್ಪತ್ತು ನಿಮಿಷಕ್ಕೆ ಸಿಕ್ಕಿದ್ದು ಅರ್ಧ ಲೋಟ. ಅಷ್ಟರಲ್ಲಿ ಬೆಂಗಳೂರಿನ ಇಬ್ಬರು ಹುಡುಗರು ಬಂದರು. ಒಬ್ಬನ ಮೀನಖಂಡ ಹಿಡಿದುಕೊಂಡಿತ್ತು. ಮೊಬೈಲ್ ನಕ್ಷೆಯ ನೀಲಿ ಗೆರೆಯನ್ನು ನನ್ನ ಮುಖಕ್ಕೆ ಹಿಡಿದು, ‘ಇಲ್ಲಿಯೇ ತೋರಿಸುತ್ತಿದೆಯಲ್ಲ ಅಕ್ಕಾ’ ಎಂದ ಇನ್ನೊಬ್ಬ. ಆ ಅರ್ಧ ಲೋಟವನ್ನು ಮೂವರೂ ಹಂಚಿಕೊಂಡು, ತುದಿಗೆ ಮೊದಲು ಸಿಗುವ ಶೇಷ ಪರ್ವತವನ್ನು ಎದುರಿಗೇ ಕಾಣುತ್ತಾ ಹಿಂದಿರುಗಿದೆವು.

ತಪ್ಪು ನನ್ನದೇ. ಒರತೆ ನೀರು ಕುಡಿದೇ ಬೆಳೆದವಳು ನಾನು. ಮೇಲಿನ ಗುಡ್ಡದ ಒರತೆಯಿಂದ ಸೀಳಿ ತೋಡಿದ ಅಡಿಕೆ ಮರದ ದಂಬೆಯಲ್ಲಿ ನಮ್ಮ ಅಂಗಳಕ್ಕೆ ನೀರು ಬರುತ್ತಿದ್ದ ಕಾಲವನ್ನು ನೋಡಿದ್ದೇನೆ. ಹೊಸ ಜಾಗದಲ್ಲಿ ಯಾರಾದರೂ ನೀರು ತೋರಿಸಿದರೆ ಅಪ್ಪ ಮಳೆಗಾಲದಲ್ಲಿ ಒಪ್ಪುತ್ತಲೇ ಇರಲಿಲ್ಲ. ‘ಪಗ್ಗುವಿನಲ್ಲಿ ಬಂದು ನೋಡುತ್ತೇನೆ’ ಎನ್ನುತ್ತಿದ್ದರು. ಪಗ್ಗು ಎಂದರೆ ನಮ್ಮ ತುಳು ತಿಂಗಳು, ಏಪ್ರಿಲ್ ನಡುವಿನಿಂದ ಮೇ ನಡುವಿನವರೆಗೆ. ತೋಟದ ನೀರಿಗೆ ಅನ್ವಯಿಸಿದ ಬುದ್ಧಿಯನ್ನು ಬೆಟ್ಟದ ನೀರಿಗೆ ಅನ್ವಯಿಸಲು ನನಗೆ ಹೊಳೆಯಲಿಲ್ಲ.

ಹೊಳೆಯಬೇಕಿತ್ತು, ಏಕೆಂದರೆ ಕಾರಣ ಕಣ್ಣೆದುರಿಗೇ ಇದೆ. ತುದಿಗೆ ಹತ್ತಿರವಿರುವ ಒರತೆಗೆ ಅದರ ಮೇಲಿರುವಷ್ಟು ಗುಡ್ಡವೇ ಆಸ್ತಿ. ಹುಲ್ಲಿನ ಇಳಿಜಾರಿನಲ್ಲಿ ಬಂಡೆಯ ಮೇಲೆ ತೆಳು ಮಣ್ಣು. ಮಳೆ ನಿಂತ ಕೆಲವು ವಾರಗಳಲ್ಲಿ ಅದು ಹಿಡಿದಿಟ್ಟ ನೀರು ಬಸಿದುಹೋಗುತ್ತದೆ. ಕಣಿವೆಯ ಮಡಿಲಲ್ಲಿ ಶೋಲಾ, ಅಂದರೆ ಹುಲ್ಲುಗಾವಲಿನ ನಡುವಿನ ದಟ್ಟ ಹಸಿರು ಕಾಡು, ಇದ್ದರೆ ಕೊಳೆತ ಎಲೆಯ ಪದರ ನೀರನ್ನು ತಡೆದು ನಿಧಾನವಾಗಿ ಬಿಡುತ್ತದೆ. ಆದ್ದರಿಂದ ನಾನೀಗ ನಕ್ಷೆಯಲ್ಲಿ ನೀಲಿ ಗೆರೆಗಿಂತ ಮೊದಲು ಅದರ ಮೇಲೆ ಎಷ್ಟು ಗುಡ್ಡವಿದೆ, ಎಷ್ಟು ಮರವಿದೆ ಎಂದು ನೋಡುತ್ತೇನೆ. ಭಾರತೀಯ ಸರ್ವೇಕ್ಷಣ ಇಲಾಖೆಯ ಸ್ಥಳಾಕೃತಿ ನಕ್ಷೆಗಳಲ್ಲಿ ಒಣಗುವ ಹಳ್ಳಕ್ಕೆ ಕಪ್ಪು ಬಣ್ಣ, ನೀರಿರುವುದಕ್ಕೆ ನೀಲಿ ಎಂದು ಶಾಲೆಯಲ್ಲಿ ಕಲಿತದ್ದು ಮೂವತ್ತೈದು ವರ್ಷಗಳ ಬಳಿಕ ಉಪಯೋಗಕ್ಕೆ ಬಂತು. ಬುಡದ ಊರಿನವರನ್ನು ವಿಚಾರಿಸುವಾಗಲೂ ‘ಮೇಲೆ ನೀರು ಉಂಟೇ’ ಎಂದು ಕೇಳುವುದಿಲ್ಲ. ಉಂಟು ಎಂದೇ ಉತ್ತರ ಬರುತ್ತದೆ, ಬೇಸರಪಡಿಸಬಾರದಲ್ಲ! ‘ಈ ವಾರ ದನಗಳು ಎಲ್ಲಿಗೆ ಹೋಗಿ ಕುಡಿಯುತ್ತವೆ’ ಎಂದು ಕೇಳುತ್ತೇನೆ. ದನ ಕುಡಿಯುವ ನೀರನ್ನು ಹಾಗೆಯೇ ಕುಡಿಯುವುದಿಲ್ಲ, ಪ್ರಾಣಿಗಳ ಮೂತ್ರ ಬೆರೆತ ನೀರಿನಿಂದ ಹರಡುವ ಇಲಿಜ್ವರ ಕಂಡ ಊರು ನಮ್ಮದು. ಸೋಸಿ, ಕ್ಲೋರಿನ್ ಮಾತ್ರೆ ಹಾಕಿ, ಅರ್ಧ ಗಂಟೆ ಕಾಯುತ್ತೇನೆ. ಆ ಅರ್ಧ ಗಂಟೆಯನ್ನೂ ಓಟದ ಸಮಯಕ್ಕೆ ಸೇರಿಸಿಯೇ ಮನೆಯಲ್ಲಿ ಹೇಳಿ ಹೊರಡುತ್ತೇನೆ.

ಇಷ್ಟನ್ನೂ ಪ್ರತಿಯೊಬ್ಬರೂ ಎಡವಿಯೇ ಕಲಿಯಬೇಕೆಂದಿಲ್ಲ. 2024ರ ಜನವರಿ ಕೊನೆಯಲ್ಲಿ ಸಾವಿರಾರು ಜನ ಕುಮಾರ ಪರ್ವತಕ್ಕೆ ಸಾಲುಗಟ್ಟಿದ ದೃಶ್ಯವನ್ನು ನಾಡೆಲ್ಲ ನೋಡಿತು. ಆಮೇಲೆ ಚಾರಣಕ್ಕೆ ಆನ್‌ಲೈನ್ ಬುಕಿಂಗ್ ಬಂತು, ಒಳ್ಳೆಯದಾಯಿತು. ಆ ಟಿಕೆಟ್‌ನಲ್ಲಿಯೇ ಒಂದು ಸಾಲು ಸೇರಿಸಲು ಸಾಧ್ಯವಿದೆ: ‘ಕಲ್ಲು ಮಂಟಪದ ತೊರೆ: ಇಂಥ ದಿನಾಂಕದಂದು ಹರಿಯುತ್ತಿತ್ತು’ ಅಥವಾ ‘ಒಣಗಿತ್ತು’. ಯಂತ್ರ, ಯೋಜನೆ, ಟೆಂಡರು ಯಾವುದೂ ಬೇಡ. ದಾರಿಯಲ್ಲಿ ದಿನವೂ ನಡೆಯುವ ಅರಣ್ಯ ಸಿಬ್ಬಂದಿಗೆ ಇದು ಗೊತ್ತೇ ಇರುತ್ತದೆ. ವಾರಕ್ಕೊಮ್ಮೆ ತಪಾಸಣಾ ಠಾಣೆಯ ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದರೂ ಆಯಿತು. ಮಳೆಗಾಲದಲ್ಲಿಯೂ ಕಾಳ್ಗಿಚ್ಚಿನ ಬೇಸಗೆಯಲ್ಲಿಯೂ ದಾರಿ ಹೇಗೂ ಮುಚ್ಚಿರುವುದರಿಂದ ಹೀಗೆ ಬರೆಯಬೇಕಾದದ್ದು ವರ್ಷದಲ್ಲಿ ಕೆಲವೇ ತಿಂಗಳು.

ನನ್ನ ಬಳಿ ಮೂರು ವರ್ಷಗಳ ಟಿಪ್ಪಣಿ ಪುಸ್ತಕವಿದೆ. ಯಾವ ತೊರೆಯಲ್ಲಿ ಯಾವ ದಿನ ಬಾಟಲಿ ತುಂಬಲು ಎಷ್ಟು ಹೊತ್ತು ಹಿಡಿಯಿತು ಎಂದು ಬರೆದಿಟ್ಟಿದ್ದೇನೆ. ಇಲಾಖೆಯವರಿಗೆ ಬೇಕಿದ್ದರೆ ನಕಲು ತೆಗೆಸಿ ಕೊಡುತ್ತೇನೆ. ಮಳೆ ಬೇಗ ಬಿಟ್ಟ ವರ್ಷ ಮಾತ್ರ ಅದರ ದಿನಾಂಕಗಳನ್ನು ಎರಡು ವಾರ ಮುಂಚಿತವಾಗಿ ಓದಿಕೊಳ್ಳಬೇಕು.

ಇತಿ,
ಒಬ್ಬ ಅಡಿಕೆ ಬೆಳೆಗಾರ್ತಿ, ಸುಳ್ಯ ತಾಲ್ಲೂಕು