ಒಂದೇ ಅಚ್ಚಿನ ಜೋಡಿಗೂ ನಿಮಗೂ ಥ್ಯಾಂಕ್ಸ್

ನಮ್ಮ ಚಪ್ಪಲಿ ಅಂಗಡಿ ಮತ್ತೆ ತೆರೆದಿದೆ. ಹಳೇ ಕಾಲದ ಮೆಟ್ಟುಗಳ ಗೂಡೂ ಮತ್ತೆ ತುಂಬುತ್ತಿದೆ. ಒಬ್ಬೊಬ್ಬರ ಮನೆಗೂ ಬಂದು ಹೇಳಬೇಕಿತ್ತು, ಆದರೆ ಸಹಾಯ ಮಾಡಿದವರಲ್ಲಿ ಕೆಲವರ ಹೆಸರೂ ನನಗೆ ಗೊತ್ತಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಹೋದ ಮಳೆಗಾಲದಲ್ಲಿ ನಮ್ಮ ಮೈಸೂರಿನ ಅಂಗಡಿಗೆ ರಾತ್ರೋರಾತ್ರಿ ಚರಂಡಿ ನೀರು ನುಗ್ಗಿತು. ಚರ್ಮ ಹೋಯಿತು, ಹೊಲಿಗೆ ಮೆಷಿನ್ನಿನ ಮೋಟಾರ್ ಹೋಯಿತು. ಅವೆಲ್ಲ ದುಡ್ಡು ಕೊಟ್ಟರೆ ಸಿಗುತ್ತವೆ. ಆದರೆ ಅಪ್ಪ ಬಳಸುತ್ತಿದ್ದ ಮರದ ಅಚ್ಚುಗಳು, ಅಂದರೆ ಶೂ ಹೊಲಿಯಲು ಚರ್ಮ ಎಳೆದು ಕೂರಿಸುವ ಪಾದದ ಆಕಾರದ ಮರಗಳು, ನೆನೆದು ಉಬ್ಬಿ, ಒಣಗುವಾಗ ಸೀಳಿಬಿಟ್ಟವು. ಅದನ್ನು ನೋಡಿ ತಡೆದುಕೊಳ್ಳಲು ಆಗಲಿಲ್ಲ. ಹಳೇ ಕಾಲದ ಮೆಟ್ಟುಗಳನ್ನು ನೋಡಿ ನಾನು ಮಾಡಿ ಕೆಳಗಿನ ಗೂಡಿನಲ್ಲಿಟ್ಟಿದ್ದ ಮಾದರಿ ಜೋಡಿಗಳೂ ಕೆಸರಾದವು.

ಹಗಲು ನನ್ನ ಕೆಲಸ ಎಲ್ಲ ಚಪ್ಪಲಿ ಅಂಗಡಿಯಲ್ಲೂ ಇರುವಂಥದ್ದೇ. ಸ್ಕೂಲ್ ಶೂಗೆ ಅಟ್ಟೆ, ಕಿತ್ತ ಉಂಗುಷ್ಠ, ಸಕ್ಕರೆ ಕಾಯಿಲೆ ಇರುವವರಿಗೆ ಮೆತ್ತನೆ ಚಪ್ಪಲಿ. ಸಂಜೆ ಅರ್ಧ ಶಟರ್ ಎಳೆದ ಮೇಲೆ ಆ ಹಳೆಯ ಮೆಟ್ಟುಗಳ ಮಾದರಿ ಮಾಡಲು ಕೂರುತ್ತೇನೆ. ಅರ್ಮೇನಿಯಾದ ಅರೇನಿ ಗುಹೆಯಲ್ಲಿ 2008ರಲ್ಲಿ ಒಂದು ಶೂ ಸಿಕ್ಕಿತು, ಸುಮಾರು 5500 ವರ್ಷ ಹಳೆಯದು. ಒಂದೇ ತುಂಡು ದನದ ಚರ್ಮ. ಬೇರೆ ಅಟ್ಟೆ ಇಲ್ಲವೇ ಇಲ್ಲ, ಮುಂದೆ ಹಿಂದೆ ಚರ್ಮದ ದಾರದಿಂದ ಬಿಗಿದಿದ್ದಾರೆ, ಒಳಗೆ ಹುಲ್ಲು ತುರುಕಿದ್ದಾರೆ. ಫೋಟೊ ನೋಡುವವರಿಗೆ ಅದು ಹಳೇ ಚಿಂದಿ. ಅದನ್ನು ಮಾಡಲು ಕೂತರೆ ಗೊತ್ತಾಗುತ್ತದೆ, ಒಂದೇ ತುಂಡನ್ನು ಕಾಲಿನ ಸುತ್ತ ಸುಕ್ಕಿಲ್ಲದೆ ತರುವುದು ಎಂಥ ಕೈಕೆಲಸ ಅಂತ. ಹಾಳಾಗಿದ್ದ ಮಾದರಿಗಳಲ್ಲಿ ಈ ಶೂವಿನ ಜೋಡಿಯನ್ನೇ ಮೊದಲು ಮತ್ತೆ ಮಾಡಿದೆ. ಒಳಗೆ ತುರುಕಲು ಮದ್ದೂರಿನ ಗಿರಾಕಿಯೊಬ್ಬರು ಭತ್ತದ ಹುಲ್ಲು ಬಸ್ಸಿನಲ್ಲಿ ಹೊತ್ತು ತಂದರು. ಅಣ್ಣಾ, ನಿಮಗೆ ಕೈಮುಗಿಯುತ್ತೇನೆ.

ನಮ್ಮ ಬೀದಿಯ ಮರಗೆಲಸದ ಆಚಾರ್ರಿಗೆ ನಾನು ಎಷ್ಟು ಹೇಳಿದರೂ ಸಾಲದು. ಅಚ್ಚಿಲ್ಲದೆ ಸುಮ್ನೆ ಕೂತಿದ್ದ ನನ್ನನ್ನು ನೋಡಿ, "ಏನು ಕೆತ್ತಬೇಕು ಹೇಳಪ್ಪ" ಅಂದರು. ಎಡ ಬಲ ಎರಡಕ್ಕೂ ಅಳತೆಗಟ್ಟಲೆ ಅಚ್ಚು ಕೆತ್ತಿಸುವಷ್ಟು ದುಡ್ಡು ಆಗ ಇರಲಿಲ್ಲ. ಆಗ ನನಗೆ ಹೊಳೆದದ್ದು ಯುರೋಪಿನ ನೇರ ಶೂಗಳು. ಅಲ್ಲಿ 1600ರ ಆಸುಪಾಸಿನಿಂದ ಸುಮಾರು 1800ರವರೆಗೆ ಹೆಚ್ಚಿನ ಶೂಗಳಿಗೆ ಎಡ ಬಲ ಅನ್ನುವುದೇ ಇರಲಿಲ್ಲ. ಅದಕ್ಕೂ ಮುಂಚೆ ಇತ್ತು, ನೋಡಿ! ಹಿಮ್ಮಡಿ ಎತ್ತರ ಮಾಡುವ ಫ್ಯಾಷನ್ ಬಂದ ಮೇಲೆ ಒಂದಕ್ಕೊಂದು ಕನ್ನಡಿಯ ಹಾಗೆ ಹೊಂದುವ ಎರಡು ಅಚ್ಚು ಕೆತ್ತುವುದು ಕಷ್ಟವೂ ಆಯಿತು, ದುಬಾರಿಯೂ ಆಯಿತು. ಹಾಗಾಗಿ ಒಂದೇ ನೇರ ಅಚ್ಚಿನ ಮೇಲೆ ಎರಡೂ ಕಾಲಿನದನ್ನು ಮಾಡಿದರು. ರಾಜಸ್ಥಾನ, ಪಂಜಾಬಿನ ಜುತ್ತಿ ಇವತ್ತಿಗೂ ಹಾಗೇ, ಹಾಕಿ ಹಾಕಿ ಕಾಲೇ ಅದಕ್ಕೆ ಎಡ ಬಲ ಕಲಿಸುತ್ತದೆ. ಆಚಾರ್ರು ಒಂದೇ ಒಂದು ಅಚ್ಚು ಕೆತ್ತಿದರು, ಅದರ ಮೇಲೆ ನಾನು ಪೂರ್ತಿ ಜೋಡಿ ಹೊಲಿದೆ. ಮೊದಲು ಹಾಕಿಕೊಂಡು ನಡೆದವರೂ ಅವರೇ. ಮರದ ಕೂಲಿಯನ್ನು ಇವತ್ತಿನವರೆಗೂ ತೆಗೆದುಕೊಂಡಿಲ್ಲ.

ಮಂಡಿ ಮೊಹಲ್ಲಾದಲ್ಲಿ ಮರಕ್ಕೆ ಚಿತ್ತಾರ ಕೂರಿಸುವ ಇನ್‌ಲೇ ಕೆಲಸದ ಚಾಚಾ, ನಿಮಗೂ. ತುರ್ಕಿಯ ಹಮಾಮುಗಳಲ್ಲಿ, ಅಂದರೆ ಸ್ನಾನದ ಮನೆಗಳಲ್ಲಿ, ಒದ್ದೆ ನೆಲ ತಾಗದಿರಲಿ ಅಂತ ಎತ್ತರದ ಮರದ ಮೆಟ್ಟು ಹಾಕುತ್ತಿದ್ದರು, ನಾಲಿನ್ ಅಂತಾರೆ, ಅನುಕೂಲಸ್ಥರ ಮನೆಯದಾದರೆ ಮೇಲೆಲ್ಲ ಮುತ್ತಿನ ಚಿಪ್ಪಿನ ಚಿತ್ತಾರ. ಅದನ್ನು ತೋರಿಸಿದಾಗ ಚಾಚಾ ಏನೂ ಕೇಳಲಿಲ್ಲ. ಬೀಟೆ ಮರದಲ್ಲಿ ಕುಳಿ ಕೊರೆದು ಚಿಪ್ಪು ಕೂರಿಸಿ ಉಜ್ಜಿ ಕೊಟ್ಟರು. ಬೆರಳಿಟ್ಟರೆ ಮರ ಎಲ್ಲಿ ಮುಗಿಯಿತು, ಚಿಪ್ಪು ಎಲ್ಲಿ ಶುರುವಾಯಿತು ಗೊತ್ತಾಗುವುದಿಲ್ಲ.

ಪಕ್ಕದ ಮನೆ ಹುಡುಗಿಯರು ಹಳೇ ಕಾಲದ ವೆನಿಸ್ಸಿನ ಚೊಪಿನ್, ಅಂದರೆ ತುಂಬಾ ಎತ್ತರದ ಅಟ್ಟೆಯ ಮೆಟ್ಟು, ಹಾಕಿಕೊಂಡು ಅಜ್ಜಿಯ ಹೆಗಲು ಹಿಡಿದು ಬೀದಿ ದಾಟಿದರು. ಅಲ್ಲಿನ ಹೆಂಗಸರೂ ಹಾಗೇ ಆಳುಗಳ ಮೇಲೆ ಕೈಯಿಟ್ಟು ನಡೆಯುತ್ತಿದ್ದರಂತೆ, ಕೆಲವು ಅರ್ಧ ಮೀಟರ್ ಎತ್ತರ! ನಾನು ಮಾಡಿದ್ದು ಒಂದು ಗೇಣು ಅಷ್ಟೇ. ಹೆದರದೆ ನಡೆದದ್ದಕ್ಕೆ ಪುಟ್ಟಿಯರಿಗೆ ಥ್ಯಾಂಕ್ಸ್, ಅಜ್ಜಿಗೆ ಇನ್ನೂ ಜಾಸ್ತಿ.

ಕೈ ಖಾಲಿಯಾಗಿ ಕೂತಿದ್ದ ದಿನಗಳಲ್ಲಿ ತಂಗಿ ಮಗಳು ಇಟಲಿಯ ಶೂ ಕುಶಲಕರ್ಮಿ ಫೆರಗಾಮೊ ಬಗ್ಗೆ ಓದಿ ಹೇಳಿದಳು. 1930ರ ದಶಕದಲ್ಲಿ ಇಟಲಿಯ ಮೇಲೆ ನಿರ್ಬಂಧ ಹಾಕಿದಾಗ ಶೂ ಒಳಗಿನ ಒಳ್ಳೆ ಉಕ್ಕಿನ ಪಟ್ಟಿ ಸಿಗದೆ, ಆತ ಅಟ್ಟೆಯಿಂದ ಹಿಮ್ಮಡಿವರೆಗೆ ಕಾರ್ಕ್ ತುಂಬಿಬಿಟ್ಟ. ಇವತ್ತು ಎಲ್ಲ ಅಂಗಡಿಯಲ್ಲೂ ಇರುವ, ಅಟ್ಟೆ ಹಿಮ್ಮಡಿ ಒಂದೇ ಆದ ವೆಡ್ಜ್ ಹಾಗೆ ಹೆಸರುವಾಸಿಯಾಯಿತು. 1947ರಲ್ಲಿ ಮೀನು ಹಿಡಿಯುವ ನೈಲಾನ್ ದಾರದಿಂದ ಕಣ್ಣಿಗೇ ಕಾಣದ ಪಟ್ಟಿಯ ಸ್ಯಾಂಡಲ್ ಮಾಡಿದ. ಅದನ್ನು ಕೇಳಿದ ರಾತ್ರಿಯೇ ಚರ್ಮ ಚುಚ್ಚುವ ಆರಿಗೆ ಮೊನೆ ಹಾಕಿದೆ. ಮಗಳೇ, ಆ ರಾತ್ರಿ ನನಗೆ ಅದು ಬೇಕಿತ್ತು.

ಡ್ಯೂಟಿ ಮುಗಿಸಿ ಬಂದು, ಯಾರೂ ಕರೆಯದಿದ್ದರೂ ಒಳಗಿನ ಕೆಸರು ಎತ್ತಿಹಾಕಿದ ಪೌರಕಾರ್ಮಿಕ ಅಕ್ಕಂದಿರೇ, ಟೀ ಕೂಡ ನಿಮ್ಮ ದುಡ್ಡಿನಲ್ಲೇ ತಂದಿರಿ. ನಿಮ್ಮ ಚಪ್ಪಲಿ, ಶೂ, ಏನೇ ಇರಲಿ, ನನ್ನ ಅಂಗಡಿಯಲ್ಲಿ ಕಾಸಿಲ್ಲ. ದಯವಿಟ್ಟು ಸಂಕೋಚ ಬೇಡ. ರಿಪೇರಿ ಇಲ್ಲದಿದ್ದರೂ ಮುಂಗಡ ಕೊಟ್ಟು ಹೋದವರೆಲ್ಲರ ಲೆಕ್ಕ ಹೆಂಡತಿ ಬರೆದಿಟ್ಟಿದ್ದಾಳೆ, ಬಂದು ಕೆಲಸ ಮಾಡಿಸಿಕೊಳ್ಳಿ.

ಮಂಡ್ಯದಿಂದಲೂ ಮೈಸೂರಿನ ಬೇರೆ ಬೀದಿಗಳಿಂದಲೂ ನಮ್ಮ ಕಸುಬಿನವರು ತಮ್ಮ ಅಚ್ಚುಗಳನ್ನು ಕಳಿಸಿದರು. ಅವರಿಗೂ ಕಷ್ಟ ಇದ್ದೇ ಇದೆ, ಆದರೂ ಕೊಟ್ಟರು. ಒಂದು ಚೀಲವನ್ನು ಮಾತ್ರ ಯಾರೋ ಶಟರ್ ಹತ್ತಿರ ಇಟ್ಟು ಹೋಗಿದ್ದಾರೆ, ಚೀಟಿಯೂ ಇಲ್ಲ. ನೀವು ಇದನ್ನು ಓದುತ್ತಿದ್ದರೆ ಒಂದು ಮಾತು ತಿಳಿಸಿ. ತುಂಬಾ ಒಳ್ಳೆ ಅಚ್ಚುಗಳು. ಅದರಲ್ಲಿ 7ನೇ ನಂಬರಿನ ಬಲಗಾಲಿನದು ಮಾತ್ರ ಇದೆ, ಎಡಗಾಲಿನದು ನಿಮ್ಮ ಮನೆಯಲ್ಲೇ ಉಳಿದಿರಬೇಕು, ಸ್ವಲ್ಪ ಹುಡುಕಿ ನೋಡ್ತೀರಾ?