ಕೂದಲು ನೆಟ್ಟಗೆ ಮಾಡಿಸುವ ಮೊದಲು ಇದನ್ನು ಓದು

ಪ್ರೀತಿಯ ಮಗಳೇ,

ರಾತ್ರಿ ಫೋನಿನಲ್ಲಿ ದನಿ ಏರಿತು, ಮನಸ್ಸಿಗೆ ಹಚ್ಚಿಕೊಳ್ಳಬೇಡ. ಪಾರ್ಲರಿನವರು ಕೇಳಿದ ದುಡ್ಡನ್ನು ಹೇಗೋ ಹೊಂದಿಸಬಹುದು. ನಿನ್ನ ನೆತ್ತಿಗೆ ಏನು ಹಚ್ಚುತ್ತಾರೋ ಅನ್ನುವುದೇ ನನ್ನ ಚಿಂತೆ.

ಗುಂಗುರನ್ನು ಕಾಯಂ ಬಿಡಿಸುವ ಕೆಲವು ಕ್ರೀಮುಗಳಲ್ಲಿ ಸೋಡಿಯಂ ಹೈಡ್ರಾಕ್ಸೈಡ್ ಇರುತ್ತದೆ. ಸೋಪು ಮಾಡಲು ಬಳಸುವ ಕಾಸ್ಟಿಕ್ ಸೋಡಾ ಅದೇ. ಕೂದಲನ್ನು ಹಿಡಿದಿಟ್ಟ ಗಂಧಕದ ಕೊಂಡಿಗಳನ್ನು ಅದು ಮುರಿಯುತ್ತದೆ. ತುಸು ಹೆಚ್ಚು ಹೊತ್ತು ಬಿಟ್ಟರೆ ನೆತ್ತಿ ಸುಡುತ್ತದೆ. ಹಿಂದಿನ ದಿನ ತಲೆಗೆ ನೀರು ಹಾಕಿಕೊಂಡು ಎಣ್ಣೆಯ ಪಸೆ ಹೋಗಿದ್ದರೆ, ಉಗುರಿನಿಂದ ಕೆರೆದ ಗಾಯವಿದ್ದರೆ ಇನ್ನೂ ಕೆಟ್ಟದ್ದು. ಅಷ್ಟಾದರೂ ಒಳಗಿನ ಬೇರು ಬಾಗಿಯೇ ಇರುತ್ತದೆ. ತಿಂಗಳಿಗೆ ಸುಮಾರು 1 ಸೆಂಟಿಮೀಟರ್ ಗುಂಗುರು ಮತ್ತೆ ಹುಟ್ಟುತ್ತದೆ. ಹೊಸದೂ ಹಳೆಯದೂ ಕೂಡುವ ಜಾಗದಲ್ಲೇ ಕೂದಲು ತುಂಡಾಗುತ್ತದೆ. ಆಮೇಲೆ ಬುಡಕ್ಕೆ ಮತ್ತೆ ಹಚ್ಚಿಸಬೇಕು, ಹಳೆಯದಕ್ಕೆ ತಾಗಿತೋ ಅದೂ ಹೋಯಿತು. ಫಾರ್ಮಾಲಿನ್ ಇರುವ ಇನ್ನೊಂದು ಬಗೆಯೂ ಇದೆ. ಬಿಸಿ ಮಾಡಿದಾಗ ಅದರ ಹೊಗೆಗೆ ಕಣ್ಣು, ಗಂಟಲು ಉರಿಯುತ್ತವೆ.

ಆಫ್ರಿಕಾ ಮೂಲದ ಸಿದ್ದಿಗಳು ನಾವು, ನಮ್ಮ ಗುಂಗುರು ಕೂದಲಿಗೆ ಬೇಕಾದದ್ದು ಬೇರೆ. ತೊಳೆಯುವ ಮೊದಲು ಕೊಬ್ಬರಿ ಎಣ್ಣೆ ಹಚ್ಚಿ ಅರ್ಧ ಗಂಟೆ ಬಿಡು. ನಾಲ್ಕು ಭಾಗ ಮಾಡು. ವಾರಕ್ಕೊಮ್ಮೆ ಶಾಂಪೂ ಸಾಕು, ಅದೂ ನೆತ್ತಿಗೆ ಮಾತ್ರ. ಒದ್ದೆ ಇರುವಾಗಲೇ ಅಗಲ ಹಲ್ಲಿನ ಹಣಿಗೆಯಿಂದ ತುದಿಯ ಸಿಕ್ಕು ಮೊದಲು ಬಿಡಿಸು, ಆಮೇಲೆ ಸ್ವಲ್ಪ ಸ್ವಲ್ಪವೇ ಬುಡದ ಕಡೆ ಹೋಗು. ಒಣಗಿದ ಮೇಲೆ ಬುಡದಿಂದ ಎಳೆದರೆ ಹಣಿಗೆಯೂ ಮುರಿಯುತ್ತದೆ, ಕೂದಲೂ ಮುರಿಯುತ್ತದೆ. ಜಡೆ ಬಿಗಿಯಬೇಡ, ಹಣೆಯ ಅಂಚು ಬೋಳಾಗುತ್ತದೆ. ರಾತ್ರಿ ನುಣುಪು ಬಟ್ಟೆ ಕಟ್ಟಿಕೋ, ಹತ್ತಿಯ ದಿಂಬು ಎಣ್ಣೆಯನ್ನೆಲ್ಲ ಹೀರುತ್ತದೆ.

ನನಗೆ ನಿಜವಾಗಿ ನೋವಾದದ್ದು ಇನ್ನೊಂದು ಮಾತಿಗೆ. 'ಯಾವ ದೇಶದವಳು' ಎಂದು ಯಾರೋ ಕೇಳಿದರು, 'ನಾನು ಆಫ್ರಿಕಾದವಳಲ್ಲಪ್ಪಾ' ಎಂದು ಕೈಮುಗಿದೆ ಅಂದೆಯಲ್ಲ. ಯಲ್ಲಾಪುರದವಳು ಅನ್ನು, ಸಿದ್ದಿ ಅನ್ನು, ಹಿರಿಯರು ಆಫ್ರಿಕಾದಿಂದ ಬಂದವರು ಎಂದೂ ಹೇಳು. ಮೂರೂ ನಿಜ. ಪೋರ್ಚುಗೀಸರು ಗುಲಾಮರನ್ನಾಗಿ ಗೋವೆಗೆ ತಂದವರಲ್ಲಿ ತಪ್ಪಿಸಿಕೊಂಡು ಘಟ್ಟದ ಕಾಡು ಹೊಕ್ಕವರ ರಕ್ತ ನಿನ್ನದು. ಓಡಿ ಬಂದದ್ದು ಹೇಡಿತನ ಅಲ್ಲ. ಇಥಿಯೋಪಿಯಾದಲ್ಲಿ ಹುಟ್ಟಿ, ಕೈಯಿಂದ ಕೈಗೆ ಮಾರಾಟವಾದ ಮಲಿಕ್ ಅಂಬರ್ ಅಹಮದ್‌ನಗರದ ರಾಜ್ಯವನ್ನೇ ನಡೆಸಿದ, 1626ರಲ್ಲಿ ಸಾಯುವವರೆಗೂ ಮೊಗಲರನ್ನು ತಡೆದ. ನಮ್ಮ ಬಿಜಾಪುರದಲ್ಲಿ ಮುಹಮ್ಮದ್ ಆದಿಲ್ ಶಾಹನ ಕಾಲಕ್ಕೆ ಇಖ್ಲಾಸ್ ಖಾನ್ ಎಂಬ ಹಬಶಿಯ, ಅಂದರೆ ಆಫ್ರಿಕಾ ಮೂಲದವನ, ಮಾತು ನಡೆಯುತ್ತಿತ್ತು. ಆ ಕಾಲದ ಚಿತ್ರಗಳಲ್ಲಿ ಅವನ ಕಪ್ಪು ಮುಖವನ್ನು ಯಾರೂ ತಿಳಿ ಮಾಡಿಲ್ಲ. ನಮ್ಮ ಡಮಾಮಿ ಕುಣಿತ ಯಾರ ಎದುರಿಗೂ ತಲೆತಗ್ಗಿಸುವಂಥದ್ದಲ್ಲ.

ನಿನ್ನ ಕಾಲೇಜಿನಲ್ಲಿ ಆಫ್ರಿಕಾದ ಹುಡುಗಿಯರು ಇದ್ದರೆ ದೂರ ನಿಲ್ಲಬೇಡ. ಅವರಲ್ಲ ನಾನು ಎಂದು ತೋರಿಸಿಕೊಂಡು ಸಿಗುವ ಮರ್ಯಾದೆ ನಮಗೆ ಬೇಡ. ಅವರಿಗೆ ಬೀಳುವ ಬೈಗುಳ ನಿನಗೂ ಬೀಳುತ್ತದೆ, ಬೈಯುವವನು ಊರು ಕೇಳಿ ಬೈಯುವುದಿಲ್ಲ. ಕೂದಲು ನೆಟ್ಟಗಾದರೂ ಅವನು ಬೈಯುತ್ತಾನೆ ಮಗಳೇ, ನೆತ್ತಿ ಸುಟ್ಟದ್ದೊಂದೇ ಉಳಿಯುತ್ತದೆ.

ಪಾಸ್‌ಪೋರ್ಟ್ ತೋರಿಸು ಎಂದವರಿಗೆ ಜಗಳ ಬೇಡ, ಆಧಾರ್ ತೋರಿಸು. ಜಾತಿ ಪ್ರಮಾಣಪತ್ರದ ಮೂಲ ಮನೆಯಲ್ಲೇ ಇರಲಿ, ಸ್ಕಾಲರ್‌ಶಿಪ್ಪಿಗೆ ನಕಲು ಕೊಡು. ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದು 2003ರಲ್ಲಿ. ಅದಕ್ಕೆ ಹಿರಿಯರು ಬಹಳ ಓಡಾಡಿದ್ದಾರೆ, ಆ ಕಾಗದ ತೆಗೆಯಲು ನಾಚಬೇಡ.

ನಿನ್ನನ್ನು ನೋಡಿ ನನಗೆ ಎಷ್ಟು ಹೆಮ್ಮೆ ಎಂದು ಫೋನಿನಲ್ಲಿ ಹೇಳಲಿಕ್ಕೆ ಬರುವುದಿಲ್ಲ. ತಲೆ ನಿನ್ನದು, ಇಷ್ಟವೂ ನಿನ್ನದೇ. ಇಷ್ಟು ಓದಿದ ಮೇಲೂ ಮಾಡಿಸಬೇಕು ಅನ್ನಿಸಿದರೆ, ಡಬ್ಬಿಯ ಮೇಲಿನ ಸಣ್ಣ ಅಕ್ಷರಗಳ ಫೋಟೋ ಮೊದಲು ನನಗೆ ಕಳಿಸು. ಕಿವಿಯ ಹಿಂದೆ ಒಂದು ಚೂರು ಹಚ್ಚಿ ನೋಡದೆ ಯಾರ ಕೈಗೂ ತಲೆ ಕೊಡಬೇಡ.

ನಿನ್ನ ಅವ್ವ